ಸೊಸೆಗೆ ಮಾತ್ರ ಹೇಳಿದ್ದು

ಹಾರೂಗೇರಿಯಲ್ಲಿ ನಾನು ಫಿಜಿಯೋಥೆರಪಿ ಕೋಣೆ ತೆರೆದ ಹೊಸತರಲ್ಲಿ ಜನ ನನ್ನನ್ನು ‘ಮಾಲೀಶ್ ಬಾಯಿ’ ಅನ್ನುತ್ತಿದ್ದರು. ಎಣ್ಣೆ ನೀವೇ ಹಚ್ಚುತ್ತೀರೋ, ನಾವು ತರಬೇಕೋ ಎಂದು ಕೇಳುವವರಿಗೆ ಉತ್ತರ ಕೊಟ್ಟೂ ಕೊಟ್ಟೂ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಡಾಕ್ಟರು ಅನ್ನಿಸಿಕೊಳ್ಳುವ ಹಟ ಬೇರೆ. ಆ ಹಟದಲ್ಲೇ ಒಂದು ತಪ್ಪು ಮಾಡಿದೆ.

ಮುಗಳಖೋಡದ ಹತ್ತಿರ ಒಂದು ತೋಟದ ಮನೆಯ ಯಜಮಾನರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತೂ ನಿಂತಿತ್ತು. ವಾರಕ್ಕೆ ಮೂರು ದಿನ ಸ್ಕೂಟಿಯಲ್ಲಿ ಹೋಗುತ್ತಿದ್ದೆ. ಎರಡು ತಿಂಗಳಿಗೆ ಬೆರಳುಗಳು ಅಲುಗಿದವು. ಇನ್ನು ತಮ್ಮ ಕೈಯಿಂದಲೇ ಉಣ್ಣಲಿ, ಚೆಲ್ಲಿದರೂ ಚಿಂತೆಯಿಲ್ಲ, ಯಾರೂ ಉಣಿಸಬಾರದು, ಈಗ ಬಿಟ್ಟರೆ ಕೈ ಮತ್ತೆ ಬರುವುದಿಲ್ಲ ಎಂದು ಅಡುಗೆಮನೆಯಲ್ಲಿ ಸೊಸೆಗೆ ತಾಕೀತು ಮಾಡಿದೆ. ಆಕೆಗೆ ಮಾತ್ರ. ಪಡಸಾಲೆಯಲ್ಲಿ ಕೂತಿದ್ದ ಆಕೆಯ ಅತ್ತೆಗೆ, ಗಂಡನಿಗೆ ಹೇಳುವುದು ನನ್ನ ಕೆಲಸ ಅನ್ನಿಸಲಿಲ್ಲ.

ನಮ್ಮ ಕಡೆ ಹಾಸಿಗೆ ಹಿಡಿದವರನ್ನು ಮಾತಾಡಿಸಲು ಬೀಗರು ಬಿಜ್ಜರು ಬರಲೇಬೇಕು. ಬಿಸ್ಕಿಟ್, ಬಾಳೆಹಣ್ಣು ಹಿಡಿದು ಬಂದವರು ಊಟದ ಹೊತ್ತಿಗೆ ಸುತ್ತ ಕೂರುತ್ತಾರೆ. ಯಜಮಾನರ ಕೈ ನಡುಗಿ ನುಚ್ಚು ಮಜ್ಜಿಗೆ ಎದೆಯ ಮೇಲೆ ಚೆಲ್ಲುತ್ತಿತ್ತು. ಸೊಸೆ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಅಥಣಿಯಿಂದ ಬಂದ ಅವರ ಹಿರಿಯ ಮಗಳು ಅದನ್ನು ನೋಡಿ ಅತ್ತು, ತಟ್ಟೆ ಕಸಿದು ತಾನೇ ಉಣಿಸಿದಳಂತೆ. ಆಡುವವರಿಗೆ ಅಷ್ಟು ಸಾಕು. ಮಾವನಿಗೆ ತುತ್ತು ಹಾಕದ ಸೊಸೆ ಎಂಬ ಮಾತು ಚಿಕ್ಕೋಡಿಯಲ್ಲಿರುವ ಅವಳ ತವರಿಗೂ ಮುಟ್ಟಿತು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಟೈಫಾಯ್ಡ್ ಆಗಿ ಒಂದೂವರೆ ತಿಂಗಳು ಹೋಗಿರಲಿಲ್ಲ. ಮತ್ತೆ ಹೋದ ದಿನ ಸೊಸೆ ತುತ್ತು ಕಲಸಿ ಮಾವನ ಬಾಯಿಗಿಡುತ್ತಿದ್ದಳು. ಬಲಗೈ ತೊಡೆಯ ಮೇಲೆ ಮುಷ್ಟಿಯಾಗಿ ಬಿಗಿದಿತ್ತು. ತಡೆಯಲಾಗದೆ ಎಲ್ಲರೆದುರೇ ಅವಳನ್ನು ಬೈದೆ. ನಾನು ಹೊರಟಾಗ ಆಕೆ ಬಾಗಿಲವರೆಗೆ ಬಂದು, ನಡೆದದ್ದೆಲ್ಲ, ಇದು ನನ್ನ ಮಾತೆಂದರೂ ಯಾರೂ ನಂಬದ್ದನ್ನೂ ಹೇಳಿ, ಮೆಲ್ಲಗೆ ಅಂದಳು:

“ನೀವ್ ಹೇಳಿದ್ದು ಖರೇನ ಐತ್ರಿ, ಬಾಯಾರ. ಆದ್ರ ನೀವು ಒಂದ್ ತಾಸು ಇದ್ದು ಹೋಗ್ತೀರಿ. ನಾ ಈ ಮನ್ಯಾಗ ಬಾಳೇವು ಮಾಡಬೇಕ್ರಿ.”

ಬೆಂಕಿ ಹಾಕಬೇಕು ನನ್ನ ಬುದ್ಧಿಗೆ. ನಾಚಿಕೆಯಿಂದ ಒಳಗೆ ತಿರುಗಿ ಹೋಗಿ, ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಉಣಿಸಬೇಡ ಎಂದು ಹೇಳಿದವಳು ನಾನೇ ಎಂದೆ. ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದನ್ನ ಅವತ್ತ ನಮಗ ಹೇಳಬೇಕಿತ್ತಲ್ರಿ.”

ಮರುದಿನದಿಂದ ಮನೆಯವರೆಲ್ಲ ನಾನು ಹೇಳಿದಂತೆಯೇ ನಡೆದುಕೊಂಡರು. ವರ್ಷವಿಡೀ ಹೋದೆ. ಆ ಮುಷ್ಟಿ ಬಿಚ್ಚಲಿಲ್ಲ.