ನನಗೆ ಬಿದ್ದ ಒಂದು ಮತ

ಸೋವಿಯತ್ ಒಕ್ಕೂಟದ ಕೊನೆಗಾಲದಲ್ಲಿ ನಾನು ಅಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಸುಧಾರಣೆ ಬಂದಿದೆ, ಇನ್ನು ಎಲ್ಲದಕ್ಕೂ ಚುನಾವಣೆ, ಚುನಾವಣೆಗೆ ಇಬ್ಬರಾದರೂ ನಿಲ್ಲಲೇಬೇಕು ಎಂದು ಮೇಲಿನಿಂದ ಅಪ್ಪಣೆಯಾಯಿತು. ಹಾಸ್ಟೆಲಿನ ವಾರ್ಡನ್ ಹುದ್ದೆಗೂ ಚುನಾವಣೆ ಬಂತು. ನಮ್ಮ ವಾರ್ಡನ್ನಮ್ಮನ ಎದುರು ನಿಲ್ಲುವ ಗಂಡು ಯಾರಿದ್ದಾನೆ? ಕೊನೆಗೆ ಆಕೆಯೇ ನನ್ನ ಕೋಣೆಗೆ ಬಂದು, "ನನ್ನ ವಿರುದ್ಧ ನೀನು ನಿಲ್ಲು" ಎಂದು ಹುಕುಂ ಮಾಡಿದಳು.

ಭಾಷಣವನ್ನೂ ಆಕೆಯೇ ತಿದ್ದಿದಳು. ಬಿಸಿನೀರು ಬರುವುದಿಲ್ಲ ಎಂದಷ್ಟೇ ಬರೆದಿದ್ದೆ. "ತಿಗಣೆಗಳು ಎಲ್ಲಿ ಹೋದವು? ಹಾಸ್ಟೆಲಿನ ಸಕ್ಕರೆಯನ್ನು ನಾನು ಮನೆಗೆ ಒಯ್ಯುತ್ತೇನೆಂದು ಎಲ್ಲರೂ ಆಡಿಕೊಳ್ಳುತ್ತೀರಲ್ಲ, ಅದೆಲ್ಲಿ?" ಎಂದು ಗದರಿದಳು. ಸಭೆಯಲ್ಲಿ ನಾನು ತಲೆ ಎತ್ತದೆ ಓದಿದೆ. ಜೋರಾಗಿ ಚಪ್ಪಾಳೆ ತಟ್ಟಿದವಳು ಆಕೆಯೊಬ್ಬಳೇ. ಮತ ಎಣಿಸಿದರೆ ನನಗೆ ಒಂದು, ಮಿಕ್ಕಿದ್ದೆಲ್ಲ ಆಕೆಗೆ.

ಆ ಒಂದು ಮತದ ಮೇಲೆ ಟೆಕ್ಸಾಸಿನಲ್ಲಿ ಮೂವತ್ತು ವರ್ಷ ಮೆರೆದಿದ್ದೇನೆ. ನಾವಿರುವ ಫ್ರಿಸ್ಕೋದ ಯಾವ ಪಾಟ್‌ಲಕ್ ಊಟಕ್ಕೆ ಹೋದರೂ, ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಚುನಾವಣೆಗೆ ನಿಂತ ಧೀರ ನಾನೇ. "ಆ ವೋಟು ನಿಮ್ದೇ ಇರ್ಬೇಕು ಬಿಡಿ" ಎಂದು ಯಾರಾದರೂ ಕಾಲೆಳೆದರೆ, "ತನಗ ತಾನ ವೋಟ್ ಹಾಕ್ಕೊಳ್ಳೂದು ನಮ್ಮ ಧಾರವಾಡದ ಮಂದಿಗೆ ಸೇರಂಗಿಲ್ರಿ. ಅದು ನನ್ನ ರೂಮ್‌ಮೇಟಂದು" ಎನ್ನುತ್ತಿದ್ದೆ. ಮೈಸೂರಿನವನಾದ ಆ ರೂಮ್‌ಮೇಟ್ ಈಗ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿದ್ದಾನೆ. ಆ ಕಡೆ ಹೋದಾಗಲೆಲ್ಲ ಆ ಉಪಕಾರಕ್ಕೆ ಅವನಿಗೆ ಮಸಾಲೆ ದೋಸೆ ಕೊಡಿಸುವುದು ನನ್ನ ಪದ್ಧತಿ.

ಮೊನ್ನೆ ಮಗಳಿಗೆ ಹೈಸ್ಕೂಲಿನಲ್ಲಿ ಆ ಸುಧಾರಣೆಗಳ ಬಗ್ಗೆಯೇ ಪ್ರಾಜೆಕ್ಟ್ ಕೊಟ್ಟರು. ಅಪ್ಪನ ಪರಾಕ್ರಮವನ್ನೇ ಬರೆಯುತ್ತೇನೆ, ಆದರೆ ಸಾಕ್ಷಿ ಬೇಕು ಎಂದಳು. ನಾನು ಉಬ್ಬಿಹೋದೆ. ದಿನಸಿ ತರಲು ಅವಳನ್ನೂ ಕೂರಿಸಿಕೊಂಡು ಇರ್ವಿಂಗಿಗೆ ಹೊರಟಿದ್ದಾಗ ಕಾರಿನ ಸ್ಪೀಕರಿನಲ್ಲೇ ಆ ರೂಮ್‌ಮೇಟ್ ಗೆಳೆಯನಿಗೆ ಫೋನ್ ಮಾಡಿ, ಆ ಮತ ತನ್ನದೇ ಎಂದು ಮಗಳಿಗೆ ಹೇಳಲು ಕೇಳಿದೆ.

"ನಾನ್ಯಾಕಪ್ಪಾ ನಿಂಗೆ ಹಾಕ್ಲಿ? ಆ ಚಳೀಲಿ ರೂಮಿಂದ ಆಚೆ ಹಾಕಿಸ್ಕೊಳ್ಳೋಕಾ?" ಎಂದ. "ನಿಂಗೆ ಹಾಕಿದ್ದು ವಾರ್ಡನ್ನಮ್ಮಾನೇ. ರೂಮ್ ಖಾಲಿ ಮಾಡೋವಾಗ ನಂಗೆ ಹೇಳಿದ್ಲು. ಸುಧಾರಣೆ ನಿಜ ಅಂತ ನಂಬ್ಕೊಂಡಿದ್ಲು, ಪಾಪ."

"ಇಷ್ಟು ವರ್ಷ ಯಾಕ ಹೇಳಲಿಲ್ಲೋ?"

"ದೋಸೆ ನಿಂತೋಗ್ತಿತ್ತಲ್ಲೋ."

ನನಗೆ ನಗು ತಡೆಯಲಾಗಲಿಲ್ಲ. ಮಗಳು ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು.

"ಸೋ ಶೀ ವೋಟೆಡ್ ಫಾರ್ ಯೂ. ನೀವು, ಅಪ್ಪಾ?"

"ಆಕೀಗೆ."

"ಬಿಕಾಸ್ ಶೀ ವಾಸ್ ಗುಡ್?"

ಧಾರವಾಡದ ಮಂದಿ ತಮಗೆ ತಾವೇ ವೋಟು ಹಾಕಿಕೊಳ್ಳುವುದಿಲ್ಲ ಎಂಬ ಹಳೆಯ ಮಾತು ಬಾಯಿಯ ತನಕ ಬಂತು. ಅದನ್ನು ಹೇಳಲು ನಾಚಿಕೆಯಾಯಿತು.

"ಇಲ್ಲವ್ವಾ," ಎಂದೆ. "ಅಂಜಿ."