ನಮ್ಮವರು ರಿಪೇರಿ ಮಾಡಿದ ಚಿಲಕ

ನಮ್ಮ ಮನೆಗೆ ಹೊಸಬರು ಬಂದರೆ ಕ್ಷೇಮಸಮಾಚಾರ ಕೇಳುವ ಮೊದಲೇ ನಾನು, "ಆ ಕುರ್ಚಿ ಬ್ಯಾಡ್ರಿ, ಇತ್ತ ಕೂಡ್ರಿ" ಎನ್ನುತ್ತಿದ್ದೆ. ಬಂದವರು ಅದನ್ನು ಆದರವೆಂದು ತಿಳಿದು ಸಂಕೋಚಪಡುತ್ತಿದ್ದರು. ಆ ಕುರ್ಚಿಯ ಹಿಂದಿನ ಎಡಗಾಲನ್ನು ನಮ್ಮವರು ರಿಪೇರಿ ಮಾಡಿದ್ದಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಎಪ್ಪತ್ತರ ದಶಕದಲ್ಲಿ ಡೊಂಬಿವಲಿಯ ಎರಡು ಖೋಲಿಯ ಚಾಳಿನ ಮನೆಯಲ್ಲಿ ನಮ್ಮ ಸಂಸಾರ. ನಮ್ಮವರು ಠಾಣೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ವಾರವಿಡೀ ಲೆಕ್ಕ ಬರೆದು ಬೇಸತ್ತ ಕೈಗಳು ಭಾನುವಾರ ಬಂತೆಂದರೆ ಮನೆಯ ಸಾಮಾನುಗಳ ಮೇಲೆ ಹೋಗುತ್ತಿದ್ದವು. ಅವರ ಸರ್ವರೋಗದ ಮದ್ದು ಹಳೆಯ ಸೈಕಲ್ ಟ್ಯೂಬು. ನಲ್ಲಿ ಸೋರಿದರೆ ಟ್ಯೂಬಿನ ಪಟ್ಟಿ, ಛತ್ರಿಯ ಕಡ್ಡಿ ಮುರಿದರೆ ಟ್ಯೂಬಿನ ಪಟ್ಟಿ, ನನ್ನ ಕನ್ನಡಕದ ಕಾಲಿಗೂ ಅದೇ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಒಡೆದಾಗ ಬರಿಯ ತಂತಿಗಳನ್ನೇ ಗೋಡೆಯ ತೂತಿಗೆ ತುರುಕಿ, ಬೀಳದಿರಲೆಂದು ಎರಡು ಬೆಂಕಿಕಡ್ಡಿ ಸಿಕ್ಕಿಸಿದ್ದರು. ಅವರು ಒಮ್ಮೆ ಬಿಚ್ಚಿ ಜೋಡಿಸಿದ ಮೇಲೆ ನಮ್ಮ ಫ್ಯಾನು ಬರೀ ಸ್ವಿಚ್ಚಿಗೆ ಮರ್ಯಾದೆ ಕೊಡುವುದನ್ನು ಬಿಟ್ಟಿತು. ಕಸಬರಿಗೆಯ ಹಿಡಿಯಿಂದ ತಿವಿದರೆ ಮಾತ್ರ ತಿರುಗುತ್ತಿತ್ತು. ಕೇಳಿದರೆ, "ಈಗ ತಿರಗತೈತೋ ಇಲ್ಲೋ?" ಎನ್ನುವರು. ತಿರುಗುತ್ತಿತ್ತು, ಅದಕ್ಕೇನೂ ಅನ್ನುವಂತಿರಲಿಲ್ಲ.

ಇಷ್ಟು ವರ್ಷಗಳ ಅನುಭವದಿಂದ ಹೇಳುತ್ತೇನೆ: ಇಂಥ ರಿಪೇರಿಯಲ್ಲಿ ವಸ್ತು ಹೇಗಿತ್ತೋ ಹಾಗೇ ಇರುತ್ತದೆ, ರಿಪೇರಿಯಾಗುವವರು ಮನೆಯವರು. ಎಲ್ಲಿ ಕೂಡಬೇಕು, ಯಾವುದನ್ನು ಮುಟ್ಟಬಾರದು, ಯಾವುದಕ್ಕೆ ಯಾವ ಬದಿಯಿಂದ ಹೊಡೆಯಬೇಕು ಎಂಬುದೆಲ್ಲ ಅವರ ಮೈಗೆ ಹತ್ತಿಬಿಡುತ್ತದೆ. ಪೇಚಿಗೆ ಸಿಗುವವರು ಬಂದ ನೆಂಟರು.

ನಮ್ಮವರೊಬ್ಬರನ್ನೇ ಅಂದು ಏನು ಉಪಯೋಗ? ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿದ್ದ ಅವರ ಗೆಳೆಯರೊಬ್ಬರು ಮಳೆಗಾಲದಲ್ಲಿ ಸೂರು ಸೋರತೊಡಗಿದಾಗ ಎಲ್ಲಿಂದಲೋ ಸಿನಿಮಾದ ಹಳೆಯ ಬಣ್ಣದ ಬ್ಯಾನರು ತಂದು ಸೂರಿನ ಕೆಳಗೆ ಬಿಗಿದರು. ನೀರು ನಿಂತಿತು. ಆದರೆ ಖಳನಾಯಕನ ಕೆಂಪು ಕಣ್ಣೊಂದು ಸರಿಯಾಗಿ ಹಾಸಿಗೆಯ ಮೇಲೆಯೇ ಬಂದು, ಅವರ ಹೆಂಡತಿ ಆ ಮಳೆಗಾಲವಿಡೀ ಮುಖಕ್ಕೆ ಸೆರಗು ಹೊದ್ದುಕೊಂಡು ಮಲಗಬೇಕಾಯಿತು.

ಒಮ್ಮೊಮ್ಮೆ ನನಗೆ ಅನಿಸುತ್ತದೆ, ನಮ್ಮ ಹಿರಿಯರಿಗೆ ಈ ಚಟ ಇರಲಿಲ್ಲವೇನೋ; ಇದಕ್ಕೆ ನಮ್ಮದೇ ಆದ ಮಾತೇ ಇಲ್ಲ. ‘ಜೀರ್ಣೋದ್ಧಾರ’ ಎಂಬ ದೊಡ್ಡ ಮಾತೊಂದಿದೆ, ಆದರೆ ಅದು ದೇವಸ್ಥಾನಕ್ಕೆ; ಮುರಿದ ಬಕೆಟ್ಟಿನ ಹಿಡಿಗೆ ಬಳಸಿದರೆ ಜನ ನಗುತ್ತಾರೆ. ‘ದುರಸ್ತಿ’ ಹೊರಗಿನಿಂದ ಬಂದದ್ದು, ‘ರಿಪೇರಿ’ ಇನ್ನೂ ದೂರದಿಂದ. ‘ಸರಿ ಮಾಡುವುದು’ ಎನ್ನಬಹುದು. ಆದರೆ ಆ ಮಾತಿನಲ್ಲಿ ಕೊನೆಗೆ ಸರಿಯಾಗಲೇಬೇಕೆಂಬ ಹಟವಿದೆ. ರಿಪೇರಿಗೆ ಅಂಥ ಹಟವೇನೂ ಇಲ್ಲ.

ಇದನ್ನೆಲ್ಲ ನಗುತ್ತ ಸಹಿಸಿಕೊಳ್ಳಬಹುದಿತ್ತು. ಆದರೆ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ನಾದಿನಿ ಇದ್ದಳು. ನಮ್ಮ ಮಾವನವರು ತೀರಿಕೊಂಡಾಗ ನಮ್ಮವರು ಕಾಲೇಜು ಬಿಟ್ಟು, ತಾಯಿಯನ್ನೂ ಪುಟ್ಟ ತಂಗಿ ವಿಮಲಾಳನ್ನೂ ಕಟ್ಟಿಕೊಂಡು ವಿಜಾಪುರದಿಂದ ಇಲ್ಲಿಗೆ ಬಂದವರು. ಅತ್ತೆಯವರೂ ಹೋದ ಮೇಲೆ ಅವಳಿಗೆ ತಂದೆ ತಾಯಿ ಎಲ್ಲ ಇವರೇ. ಅವಳಿಗೆ ಗಂಡು ಕೂಡಿಬರುವುದು ಆಗಲೇ ತಡವಾಗಿತ್ತು. ಹಿಂದಿನ ಸಲ ನೋಡಲು ಬಂದವರು, ನಾನು ಫ್ಯಾನಿನ ಕಡೆ ಕಸಬರಿಗೆ ಎತ್ತಿದ್ದನ್ನು ತಪ್ಪು ತಿಳಿದೇ ಎದ್ದುಹೋದರೆಂದು ನನ್ನ ಅನುಮಾನ. ಈ ಸಲ ಕಲ್ಯಾಣದಿಂದ ಒಳ್ಳೆಯ ಮನೆತನದವರು ಬರುವವರಿದ್ದರು. ಹುಡುಗ ಬ್ಯಾಂಕಿನಲ್ಲಿ ನೌಕರ. ಇದೂ ತಪ್ಪಿದರೆ ಎಂಬ ಚಿಂತೆಯಿಂದ ನಮ್ಮವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ವೈನಿ, ಅವ್ರು ಬಂದು ಹೋಗೂತನಾ ಅಣ್ಣನ ಕೈಗೆ ಪಕ್ಕಡ ಸಿಗಲಾರದಂಗ ನೋಡ್ಕೋರಿ" ಎಂದಳು ವಿಮಲಾ. ನಾನು ಪಕ್ಕಡ, ಸುತ್ತಿಗೆ, ಮೊಳೆ ಎಲ್ಲವನ್ನೂ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟೆ. ಸೈಕಲ್ ಟ್ಯೂಬು ಮರೆತುಹೋಯಿತು.

ಹೊರಬಾಗಿಲಿನ ಚಿಲಕ ಸಡಿಲವಾಗಿ ತಾನಾಗಿಯೇ ಜಾರುತ್ತಿತ್ತು. ಮಾತುಕತೆಯ ನಡುವೆ ಬಾಗಿಲು ತೆರೆದುಕೊಂಡು ಚಾಳಿನವರೆಲ್ಲ ಇಣುಕಿದರೆ ಹೇಗೆಂದು ನಮ್ಮವರು ಚಿಲಕದ ಕೆಳಗೆ ಟ್ಯೂಬಿನ ತುಂಡೊಂದನ್ನು ಒತ್ತಿ ಕೂರಿಸಿದರು. ನಾಲ್ಕು ಗಂಟೆಗೆ ಹುಡುಗ, ಅವನ ತಂದೆ, ತಾಯಿ ಬಂದರು. ನಮ್ಮವರು ಬಾಗಿಲು ಹಾಕಿ ಚಿಲಕ ಸರಿಸಿದರು. ಅದು ಎಷ್ಟು ಭದ್ರವಾಗಿ ಬಿತ್ತೆಂದರೆ, ಅವರು ಹೊರಡಲು ಎದ್ದಾಗ ಕದಲಲೇ ಇಲ್ಲ.

"ಏನಿಲ್ರಿ, ಎರಡ ಮಿಂಟ" ಎಂದರು ನಮ್ಮವರು. ಕಿಟಕಿಗೆ ಸರಳುಗಳಿದ್ದವು, ಇನ್ನೊಂದು ಬಾಗಿಲಿರಲಿಲ್ಲ. ಅವರ ಮುಖ ಬೆವರತೊಡಗಿತು. ಆಗ ಹುಡುಗನ ತಂದೆ, ಅಲ್ಲಿಯವರೆಗೆ ಗಂಭೀರವಾಗಿ ಕೂತಿದ್ದ ನಿವೃತ್ತ ರೈಲ್ವೆ ಮನುಷ್ಯ, ತೋಳು ಮೇಲೇರಿಸಿಕೊಂಡು ಮುಂದೆ ಬಂದರು. "ಒಂದು ಚಮಚಾ ಕೊಡ್ರಿ ಇತ್ತ." ಅವರ ಕಣ್ಣಿನಲ್ಲಿದ್ದ ಹೊಳಪು ನನಗೆ ಚೆನ್ನಾಗಿ ಪರಿಚಯವಿತ್ತು. ಪಕ್ಕಡ ಅಕ್ಕಿಯ ಡಬ್ಬಿಯಲ್ಲೇ ಇರಲಿ ಎಂದುಕೊಂಡು ಚಮಚವನ್ನೇ ಕೊಟ್ಟೆ. ಚಮಚ ಬಾಗಿತು. ಆಮೇಲೆ ನನ್ನ ಹೇರ್‌ಪಿನ್ನು, ಆಮೇಲೆ ಈಳಿಗೆ. ಇಬ್ಬರೂ ಒಬ್ಬರಿಗೊಬ್ಬರು ಸಲಹೆ ಕೊಡುತ್ತ ಚಿಲಕದ ಹಿಡಿಯನ್ನೇ ಮುರಿದು ಕೈಯಲ್ಲಿ ಹಿಡಿದುಕೊಂಡರು.

ಹುಡುಗನ ತಾಯಿ ಅಡಿಗೆಮನೆಗೆ ಬಂದು ಮಣೆಯ ಮೇಲೆ ಕೂತರು. "ನನಗ ನಮ್ಮ ಮನ್ಯಾಗ ಇದ್ದಂಗ ಆಗೈತಿ ನೋಡವಾ. ನಮ್ಮ ಪಾಯಖಾನಿ ಬಾಗಲಾ ನಮ್ಮ ಯಜಮಾನ್ರು ರಿಪೇರಿ ಮಾಡ್ಯಾರ. ಒಳಗ ಕುಂತವರು ಹಾಡು ಹಾಡಬೇಕು, ಇಲ್ಲಂದ್ರ ಯಾರರ ಬಂದಬಿಡತಾರ." ಮಾತು ಪಕ್ಕಾ ಆಗುವ ಮುನ್ನ ಹೆಣ್ಣಿನವರ ಮನೆಯಲ್ಲಿ ಹೆಚ್ಚು ತಿನ್ನಬಾರದೆಂದು ಎರಡನೆಯ ಕಪ್ ಚಹಾ ಬೇಡವೆಂದಿದ್ದ ಹೆಂಗಸು, ನಗುತ್ತ ನಗುತ್ತ ಒಂದು ತಾಟು ಅವಲಕ್ಕಿ ಮುಗಿಸಿದರು.

ಅಷ್ಟರಲ್ಲಿ ಕಿಟಕಿಯ ಹೊರಗೆ ಅರ್ಧ ಚಾಳು ಸೇರಿತ್ತು. "ಕಾಯ್ ಝಾಲಂ ವಹಿನಿ?" ಏನಾಯಿತೆಂದು ಪಕ್ಕದ ಮನೆಯಾಕೆ ಕೇಳಿದರೆ ನಾನೇನು ಹೇಳಲಿ? ಆಗ ಹುಡುಗ ಎದ್ದು ನಮ್ಮವರ ಕಡೆ ತಿರುಗಿದ.

"ಮಾಮಾರ, ಇದು ನನಗ ಬರಂಗಿಲ್ಲ. ನಿಮಗೂ ಆಗವಲ್ದು. ಬಡಿಗ್ಯಾನ್ನ ಕರಸೂಣಲ್ರಿ."

ಇಷ್ಟೇ. ಕಿಟಕಿಗೆ ಹೋಗಿ ಪಕ್ಕದ ಮನೆಯಾಕೆಗೆ ಮರಾಠಿಯಲ್ಲಿ ಹೇಳಿದ. ಬಡಗಿ ಬಂದು ಬಾಗಿಲಿನ ಸಂದಿಯಲ್ಲಿ ಗರಗಸದ ಅಲಗು ತೂರಿಸಿ ಚಿಲಕವನ್ನು ಕೊಯ್ದು ಹಾಕಿದ. ದೀಪ ಹಚ್ಚುವ ಹೊತ್ತಿಗೆ ಅವರು ಸ್ಟೇಶನ್ನಿನ ದಾರಿ ಹಿಡಿದರು.

ನಾನು ವಿಮಲಾಳನ್ನು ಸಮಾಧಾನ ಮಾಡಲು ಹೋದರೆ ಅವಳು ಮುಸಿಮುಸಿ ನಗುತ್ತಿದ್ದಳು. "ಎಷ್ಟು ಆರಾಮ ಹೇಳಿದ್ರು ನೋಡ್ರಿ ವೈನಿ, ನನಗ ಬರಂಗಿಲ್ಲ ಅಂತ. ಹಂಗ ಹೇಳೋ ಗಂಡಸರನ್ನ ನಾನು ನೋಡೇ ಇಲ್ಲ. ಅವ್ರು ಹೂಂ ಅಂದ್ರ ನಂದೂ ಹೂಂ." ನನಗೂ ನಗು ಬಂತು. ಆದರೆ ಪರದೆಯ ಆಚೆ ನಮ್ಮವರು ಕೂತಿದ್ದರು. ಅವಳ ಮಾತು ಅವರಿಗೆ ಕೇಳಿಸಿತ್ತು.

ಅಂದು ನನಗೆ ಅವರ ಮೇಲೆ ಬಹಳ ಕನಿಕರವಾಯಿತು. ‘ನನಗೆ ಬರುವುದಿಲ್ಲ’ ಎನ್ನುವುದು ಒಳ್ಳೆಯ ಗುಣ, ಒಪ್ಪಿದೆ. ಆದರೆ ಹಾಗೆನ್ನಲು ಎದುರಿಗೆ ಒಬ್ಬರು ಬೇಕು. ಮೀಸೆ ಮೂಡುವ ವಯಸ್ಸಿಗೆ ಗೊತ್ತಿಲ್ಲದ ಊರಿಗೆ ಬಂದು, ವಿಧವೆ ತಾಯಿಗೂ ಬೆಳೆಯುವ ತಂಗಿಗೂ ‘ನಾನು ಮಾಡತೀನಿ ಬಿಡ್ರಿ’ ಎನ್ನುತ್ತಲೇ ದಿನ ದೂಡಿದವರು ಅದನ್ನು ಯಾರ ಮುಂದೆ ಹೇಳಬೇಕಿತ್ತು? ಫ್ಯಾನು ತಿರುಗಲಿ ಬಿಡಲಿ, ಮನೆಯಲ್ಲಿ ಒಬ್ಬರಾದರೂ ಎಲ್ಲ ಬರುತ್ತದೆ ಎಂಬಂತೆ ಇರಬೇಕಿತ್ತು.

ನಾಲ್ಕು ದಿನಕ್ಕೆ ಕಲ್ಯಾಣದಿಂದ ಒಪ್ಪಿಗೆ ಬಂತು. "ಇಬ್ಬರು ರಿಪೇರಿಯವರು ಬೀಗರಾಗಿ ತಮ್ಮತಮ್ಮೊಳಗ ರಿಪೇರಿ ಮಾಡ್ಕೋತ ಕೂಡ್ಲಿ, ನಮ್ಮ ಮಕ್ಕಳಾರ ಆರಾಮ ಇರತಾವ" ಎಂದರಂತೆ ಹುಡುಗನ ತಾಯಿ.

ಮದುವೆ ಚೆನ್ನಾಗಿ ಆಯಿತು. ಹೆಣ್ಣು ಒಪ್ಪಿಸುವ ಹೊತ್ತಿಗೆ ತಂದೆಯ ಜಾಗದಲ್ಲಿ ನಮ್ಮವರು ನಿಂತರು. ವಿಮಲಾಳ ಕೈಯನ್ನು ಅತ್ತೆಯ ಕೈಗಿಟ್ಟು ಎರಡು ಮಾತು ಹೇಳಬೇಕು. ಎಲ್ಲರೂ ಕಾಯುತ್ತಿದ್ದರು. ಇವರು ಕೈ ಹಿಡಿದುಕೊಂಡು ನಿಂತೇ ಇದ್ದರು. ಕೊನೆಗೆ ನನ್ನ ಕಡೆ ತಿರುಗಿದರು.

"ನೀನ ಒಪ್ಪಸು. ನನ್ನ ಕಡಿಂದ ಆಗಂಗಿಲ್ಲ."

ನಾನೇ ಒಪ್ಪಿಸಿದೆ. ಜನ ಏನಂದುಕೊಂಡರೋ ತಿಳಿಯದು. ಇಷ್ಟು ವರ್ಷ ಯಾರಿಗೂ ಹೇಳದಿದ್ದ ಮಾತನ್ನು ಇವರು ನನಗೆ ಹೇಳಿದ್ದರು. ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಅವರು ನನಗೆ ಇಂದಿನವರೆಗೂ ಕೊಟ್ಟಿಲ್ಲ.