ಫಕ್ಕೀರಪ್ಪನ ಲೈನು

ನೀರು ಬಿಡುವ ಫಕ್ಕೀರಪ್ಪ ಬಂದನೆಂದರೆ ಉದ್ದನೆಯ ಕಬ್ಬಿಣದ ಚಾವಿಯನ್ನು ರಸ್ತೆಯ ಗುಂಡಿಗೆ ಇಳಿಸಿ, ತಿರುವಿ, ಅದರ ಹಿಡಿಕೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಬೆಟಗೇರಿಯ ನಮ್ಮ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದೆವು. ಕಣ್ಣು ತೆರೆದು ಅವನು ಹೇಳುವುದು ಒಂದೇ ಮಾತು: "ಲೈನ್ ಐತ್ರೀ."

ಆ ಒಂದು ಇಂಗ್ಲಿಷ್ ಶಬ್ದದಲ್ಲೇ ಅವನ ಸಂಸಾರವೆಲ್ಲ ನಡೆಯುತ್ತಿತ್ತು. ನೆಲದೊಳಗಿನ ಪೈಪು ಲೈನು, ಕರೆಂಟು ಲೈನು, ನಮ್ಮ ಓಣಿಯೂ ಲೈನು, ಪಾಳಿಯೂ ಲೈನು. ಫೋನ್ ಎತ್ತದಿದ್ದರೆ "ಲೈನ್ ಸಿಗಲಿಲ್ರಿ." ಮಗನ ಚಿಂತೆ ಬಂದರೆ "ಅವನ್ನೊಂದು ಲೈನಿಗೆ ಹಚ್ಚಬೇಕ್ರಿ ಅಕ್ಕಾರ."

ನನ್ನ ಮಗಳು ಗೌರಿ ಕಾಲೇಜಿಗೆ ಹೊರಟಾಗೆಲ್ಲ ನಗುತ್ತಿದ್ದಳು. "ಯವ್ವಾ, ನಮ್ಮ ಕಾಲೇಜ್ನಾಗ ಹುಡುಗೂರು ಹೊಡಿಯೂದೂ ಲೈನ! ಫಕ್ಕೀರಪ್ಪ ಕಾಕಾಗ ಅದೊಂದ ಗೊತ್ತಿಲ್ಲ."

ನನಗೆ ನಗು ಬರುತ್ತಿರಲಿಲ್ಲ. ನೀರು ಯಾವಾಗ ಬರುತ್ತದೆ ಎಂದು ಕೇಳಿದರೆ ಈ ಶಬ್ದ ಬಿಟ್ಟು ಬೇರೆ ಉತ್ತರ ಸಿಗುತ್ತಿರಲಿಲ್ಲ.

ಓದು ಮುಗಿದ ಮೇಲೆ ಗೌರಿಯನ್ನು ಮುಳಗುಂದಕ್ಕೆ ಕೊಟ್ಟೆವು, ಬಸುರಿಯಾದಳು. ತವರಿನ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಸೀಮಂತದ ಕುಬಸ ಮಾಡಬೇಕು. ಮುಳಗುಂದದಿಂದ ಬೀಗರು ಬರುವವರು. ಹಿಂದಿನ ದಿನ ನಮ್ಮ ಪಾಳಿ. ನಳ ಸುಂಯ್ ಎಂದು ಸುಮ್ಮನಾಯಿತು. ಗುಂಡಿಯ ಹತ್ತಿರ ಓಡಿದೆ.

"ಲೈನ್ ಒಡದೈತ್ರಿ. ಸಂಜೀಕ ರಿಪೇರಿ ಆಕ್ಕೈತಿ."

"ಹಂಗಾರ ನಾಳೆ ಮುಂಜಾನೆ ಮೊದಲ ನಮಗ ಬಿಡು. ಬೀಗರು ಬರ್ತಾರ."

"ಮುಂಜಾನೆ ನೇಕಾರ ಓಣಿ ಲೈನ್ ಐತ್ರಿ. ಅವರದು ಆದಮ್ಯಾಲ ನಿಮ್ಮದು."

"ನಮ್ಮನಿ ಚಹಾ ಕುಡಿಯಾಕ ಬರ್ತೀಯಲ್ಲ, ಆವಾಗೆಲ್ಲಿ ಹೋಗಿರ್ತೈತಿ ನಿನ್ನ ಲೈನು?"

ಅವನು ತಲೆ ತಗ್ಗಿಸಿ ನಿಂತ. "ಬೈರಿ ಅಕ್ಕಾರ, ಬೈರಿ. ಆದ್ರ ಲೈನ್ ತಪ್ಪಸಂಗಿಲ್ರಿ."

ಅವರಿವರ ಮನೆಯ ನೀರು ಬೇಡಿ ತಂದು ಅಡುಗೆ ಮಾಡಿದೆ. ಮರುದಿನ ಗೌರಿಯನ್ನು ಮಣೆಯ ಮೇಲೆ ಕೂರಿಸಿ, ಹಾಡು ಶುರುವಾಗಿ, ಆರತಿ ಎತ್ತುವ ಹೊತ್ತಿಗೆ ಹೊರಗಿನಿಂದ ಕೂಗು ಬಂತು: "ಲೈನ್ ಬಂತ್ರೀ!"

ಹಾಡು ಅಲ್ಲೇ ನಿಂತಿತು. ಓಣಿಯ ಹೆಂಗಸರೆಲ್ಲ ಎದ್ದು ಓಡಿದರು. ಆರತಿ ಹಿಡಿದವಳು ತಟ್ಟೆಯನ್ನು ಕಿಟಕಿಯಲ್ಲಿಟ್ಟು ಓಡಿದಳು. ಬೀಗತಿ ಕೂಡ ಸೆರಗು ಸಿಗಿಸಿಕೊಂಡು ನನ್ನ ಕೊಡ ಎತ್ತಿದರು. "ನನಗೊಂದು ಆರತಿ ಮಾಡಿ ಹೋಗ್ರೇ!" ಎಂದು ಮಗಳು ಒಳಗೆ ಒಬ್ಬಳೇ ಕೂತು ನಗುತ್ತಿದ್ದಳು. ನಾನು ಸಿಟ್ಟಿಗೆ ಅಳುತ್ತಲೇ ನೀರು ತುಂಬಿದೆ. ದೇವರ ತಂಬಿಗೆಗೆ ಹೊಸ ನೀರು ಸಿಕ್ಕಿತು, ಉಂಡವರ ಕೈಗೂ ನೀರು ಸಾಕಾಯಿತು. ಶಿವ ಅಷ್ಟು ನಡೆಸಿಕೊಟ್ಟ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾದಾಗ ಫಕ್ಕೀರಪ್ಪನ ಮನೆಗೆ ಹೋದೆ; ಒಂದೆರಡು ಪಾಳಿಗೆ ಬೇರೆ ಹುಡುಗ ಬಂದಿದ್ದ, ಇವನು ರಜೆಯ ಮೇಲಿರಬೇಕು ಎಂದುಕೊಂಡಿದ್ದೆ. ಕರೆಯಲೂ ಹೌದು, ಆ ದಿನ ನೀರುಂಟೋ ಕೇಳಲೂ ಹೌದು. ಬಾಗಿಲಿಗೆ ಕೀಲಿ. ಪಕ್ಕದ ಮನೆಯವಳು ಹೊರಗೆ ಬಂದಳು. "ರಿಟೈರ್ ಆದ್ರಲ್ರಿ. ಶಿರಹಟ್ಟಿ ಕಡೆ ತಮ್ಮ ಹಳ್ಳಿಗೆ ಹ್ವಾದ್ರು."

ಈಗ ನೀರು ಬಿಡಲು ಬರುವ ಹುಡುಗನನ್ನು ಬೈಯಲು ನಾನು ಬಾಯಿ ತೆರೆಯುವುದರೊಳಗೆ ಅವನ ಬೈಕು ಶುರುವಾಗಿರುತ್ತದೆ. ಫಕ್ಕೀರಪ್ಪ ನಮ್ಮ ಬೈಗುಳ ಮುಗಿಯುವ ತನಕ ನಿಲ್ಲುತ್ತಿದ್ದ. ಅಂಥವನೊಬ್ಬನನ್ನು ದೇವರು ಇಷ್ಟು ವರ್ಷ ನಮ್ಮ ಓಣಿಗೆ ಕೊಟ್ಟಿದ್ದ. ಒಂದು ಮಾತು ಹೇಳದೆ ಹೋದನಲ್ಲ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ. ಬೈಯೋಣವೆಂದರೆ ಎದುರಿಗೆ ಅವನಿಲ್ಲ.